ದೂರು ಯಾರ ಬಾಗಿಲಿಗೆ? ಘಟಪ್ರಭೆ ಸೀಮೆಯ ಮೂರು ಊರುಗಳ ಕಥೆ

ರಾತ್ರಿ ಊಟದ ಹೊತ್ತಿಗೆ ದೀಪ ಆರಿದರೆ ಕರ್ನಾಟಕದ ಬಹುಪಾಲು ಊರುಗಳಲ್ಲಿ ಜನ ಬೈಯುವುದು ‘ಕೆಇಬಿ’ಯವರನ್ನು. ಆ ಮಂಡಳಿ ಹೋಗಿ, ಅದರ ಜಾಗದಲ್ಲಿ ಕಂಪನಿಗಳು ಬಂದು ಎರಡು ದಶಕಗಳೇ ಕಳೆದರೂ ಹಳಬರ ಬಾಯಲ್ಲಿ ಹೆಸರು ಬದಲಾಗಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನಲ್ಲಿ ಮಾತ್ರ ಈ ಬೈಗುಳದ ದಿಕ್ಕು ಬೇರೆ. ಅಲ್ಲಿಯ ಕಂಬ, ತಂತಿ, ಟಿ.ಸಿ., ಮೀಟರು, ತಿಂಗಳ ಬಿಲ್ಲು ಎಲ್ಲವೂ ಒಂದು ಸಹಕಾರ ಸಂಘಕ್ಕೆ ಸೇರಿದವು. ದೀಪ ಆರಿತೆಂದು ಸಿಟ್ಟಿಗೆದ್ದ ರೈತ ಆ ಸಂಘದ ಶೇರುದಾರನೂ ಆಗಿದ್ದರೆ, ಅವನು ಬೈಯುವುದು ತಾನೇ ಓಟು ಹಾಕಿ ಆರಿಸಿ ತಂದ ಆಡಳಿತ ಮಂಡಳಿಯನ್ನು.

ಅದೇ ಸೀಮೆಯ ಗೋಕಾಕದಲ್ಲಿ ಮಳೆಗಾಲ ಬಂತೆಂದರೆ ಜನರ ಕಣ್ಣು ಲೋಳಸೂರ ಸೇತುವೆಯ ಮೇಲೆ. ಹೊಳೆಯ ನೀರು ಸೇತುವೆಗೆ ಮುಟ್ಟಿದರೆ ಯಾರಿಗೆ ಹೇಳಬೇಕು? ನಗರಸಭೆಗೋ, ತಹಸೀಲ್ದಾರರಿಗೋ, ಹಿಡಕಲ್ ಜಲಾಶಯದ ಎಂಜಿನಿಯರರಿಗೋ? ಇನ್ನು ಮೂಡಲಗಿಯ ಜನ, ದೂರು ಹೇಳಿಕೊಳ್ಳಲು ತಮ್ಮೂರಲ್ಲೇ ಒಂದು ಕಚೇರಿ ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತ ಬಂದವರು.

ನಳದಲ್ಲಿ ನೀರಿಲ್ಲ, ಗಟಾರು ಕಟ್ಟಿದೆ, ಬೀದಿದೀಪ ಹತ್ತುತ್ತಿಲ್ಲ, ಸತ್ತ ತಂದೆಯ ಹೆಸರಿನಿಂದ ಹೊಲ ಮಗನ ಹೆಸರಿಗೆ ಆಗಿಲ್ಲ. ಊರಿನ ದೂರುಗಳೆಂದರೆ ಇವೇ. ಇವುಗಳಲ್ಲಿ ಹೆಚ್ಚಿನವಕ್ಕೆ ಯಾರು ಹೊಣೆ ಎಂದು ಕೇಳಿದರೆ ಕಾನೂನಿನ ಪುಸ್ತಕ ನಗರಸಭೆ, ಪುರಸಭೆ, ಪಂಚಾಯತಿ ಎಂದು ಸಲೀಸಾಗಿ ಉತ್ತರ ಕೊಡುತ್ತದೆ. ಆದರೆ ಈ ಮೂರು ಊರುಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ, ದುಡ್ಡಿನ ಚೀಲ ಯಾರ ಕೈಯಲ್ಲಿತ್ತೋ ಅವರ ಬಾಗಿಲಿಗೇ ಜನ ಹೋಗಿದ್ದಾರೆ. ಆ ಬಾಗಿಲು ಬಹಳ ಸಲ ಪುರಸಭೆಯದಾಗಿರಲಿಲ್ಲ.

ಚಾವಡಿಯಿಂದ ಮುನಸಿಪಾಲ್ಟಿಗೆ

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದು ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಊರಿನ ಆಡಳಿತವೆಂದರೆ ಚಾವಡಿ. ಕಂದಾಯಕ್ಕೂ ತಂಟೆ-ತಕರಾರಿಗೂ ಗೌಡ, ಲೆಕ್ಕಕ್ಕೆ ಕುಲಕರ್ಣಿ, ಉಳಿದ ಕೆಲಸಗಳಿಗೆ ಸುಗ್ಗಿಯಲ್ಲಿ ಕಾಳು ಪಡೆಯುವ ಆಯಗಾರರು. ಮೊದಲು ಧಾರವಾಡದ ಕಲೆಕ್ಟರರ ಕೆಳಗಿದ್ದ ಈ ಭಾಗ 1836ರಲ್ಲಿ ಪ್ರತ್ಯೇಕ ಬೆಳಗಾವಿ ಜಿಲ್ಲೆಯಾಯಿತು.

ಚಾವಡಿಯ ಕಾಲವನ್ನು ಹೊಗಳುವುದು ಸುಲಭ. ಊರಿನ ಕೆಲಸ ಊರೊಳಗೇ ಮುಗಿಯುತ್ತಿತ್ತು ಎಂಬುದು ನಿಜವೂ ಹೌದು. ಆದರೆ ಚಾವಡಿಯ ಕಟ್ಟೆಯ ಮೇಲೆ ಯಾರು ಕೂಡಬಹುದು, ಯಾರು ದೂರ ನಿಂತು ಮಾತಾಡಬೇಕು ಎಂಬುದೂ ಅಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು. ದೊಡ್ಡ ಕೆಲಸಗಳಿಗಂತೂ ಆಳುವವರ ಕೃಪೆಯೇ ಬೇಕಿತ್ತು. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳ ಜತೆಗೆ ನೆಲದೊಳಗೆ ಕಾಲುವೆ ತೋಡಿ ಊರಿಗೆ ನೀರು ತಂದ ವ್ಯವಸ್ಥೆಯೊಂದಿತ್ತು. ರಾಜಧಾನಿ ವಿಜಾಪುರಕ್ಕೂ ತೊರವಿಯ ಕಡೆಯಿಂದ ಇಂಥದೇ ಸುರಂಗದಲ್ಲಿ ನೀರು ಹರಿಸಿದ್ದರು. ಸುಲ್ತಾನರು ಹೋದರು, ಕಾಲುವೆಯ ಹೂಳೆತ್ತುವವರೂ ಹೋದರು. ಕಟ್ಟಿಸಿದವರು ಇಲ್ಲದಾದ ಮೇಲೆ ನೀರಿನ ಕಾಲುವೆಯನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಚಾವಡಿಯಲ್ಲಿ ಉತ್ತರವಿರಲಿಲ್ಲ.

ಈ ಪ್ರಶ್ನೆಗೆ ಬ್ರಿಟಿಷರು ತಂದ ಉತ್ತರ ಮುನಸಿಪಾಲ್ಟಿ. 1850ರ 26ನೆಯ ಕಾಯಿದೆಯ ಪ್ರಕಾರ ಊರಿನ ಜನರೇ ಬಯಸಿ ಅರ್ಜಿ ಹಾಕಿದರೆ ಅಲ್ಲಿ ಮುನಸಿಪಾಲ್ಟಿ ನೆಲೆಯಾಗಬಹುದಿತ್ತು. ಬಯಸಿದರೆ ಪಟ್ಟಿ ಕೊಡಬೇಕು, ಜಕಾತಿ ಕಟ್ಟಬೇಕು. ಆದ್ದರಿಂದ ಬಯಸಿದ ಊರುಗಳೇ ಕಡಿಮೆ. ದೇಶದಲ್ಲಿ ಈ ಕಾಯಿದೆಯ ಲಾಭ ಹೆಚ್ಚಾಗಿ ಪಡೆದದ್ದು ಮುಂಬಯಿ ಪ್ರಾಂತ. ಬೆಳಗಾವಿಯಲ್ಲಿ 1851ರಲ್ಲೇ ಮುನಸಿಪಾಲ್ಟಿ ಆಯಿತು. ನೇಕಾರಿಕೆ, ಬಣ್ಣಗಾರಿಕೆಗಳಿಂದ ವ್ಯಾಪಾರದ ಊರಾಗಿದ್ದ ಗೋಕಾಕಕ್ಕೂ ಆ ಶತಮಾನದಲ್ಲೇ ಮುನಸಿಪಾಲ್ಟಿ ಬಂತು.

ಹಳ್ಳಿಗಳಿಗೆ ಬಂದದ್ದು ಬೇರೆ ಬಗೆಯ ವ್ಯವಸ್ಥೆ. 1860ರ ದಶಕದಿಂದ ಮುಂಬಯಿ ಪ್ರಾಂತದ ರೈತ ಒಂದು ರೂಪಾಯಿ ಕಂದಾಯದ ಜತೆಗೆ ಒಂದಾಣೆ ‘ಲೋಕಲ್ ಫಂಡ್’ ಕಟ್ಟಬೇಕಾಯಿತು. ಅದರಲ್ಲಿ ಎರಡು ಪಾಲು ರಸ್ತೆಗೆ, ಒಂದು ಪಾಲು ಶಾಲೆಗೆ. ರೈತನ ಹೊಲದ ದುಡ್ಡು ರೈತನ ಊರಿನ ಶಾಲೆಗೇ ಹೋಗಬೇಕೆಂಬ ಈ ಲೆಕ್ಕ ಇಂದಿಗೂ ಮೆಚ್ಚುವಂಥದು. ಆದರೆ ಯಾವ ಊರಿನ ರಸ್ತೆ, ಯಾವ ಊರಿನ ಶಾಲೆ ಎಂದು ನಿರ್ಧರಿಸುವ ಮಂಡಳಿಗಳಲ್ಲಿ ಕಲೆಕ್ಟರರ, ಮಾಮಲೇದಾರರ ಮಾತೇ ಕೊನೆಯ ಮಾತು.

ವೈಸರಾಯ್ ಲಾರ್ಡ್ ರಿಪನ್ 1882ರ ಮೇ ತಿಂಗಳಲ್ಲಿ ಹೊರಡಿಸಿದ ನಿರ್ಣಯ ಈ ಸ್ಥಿತಿಯನ್ನು ಬದಲಿಸಲು ಹೊರಟಿತು. ಸ್ಥಳೀಯ ಮಂಡಳಿಗಳಲ್ಲಿ ಅಧಿಕಾರಿಗಳಿಗಿಂತ ಜನಪ್ರತಿನಿಧಿಗಳು ಹೆಚ್ಚಿರಬೇಕು, ಆಡಳಿತ ಚೆನ್ನಾಗಿ ನಡೆಯದಿದ್ದರೂ ಜನರಿಗೆ ರಾಜಕೀಯದ ಪಾಠವಾದರೂ ಆಗಬೇಕು ಎಂಬುದು ಅದರ ತಿರುಳು. 1884ರಲ್ಲಿ ಮುಂಬಯಿ ಸರಕಾರ ಜಿಲ್ಲಾ ಮುನಸಿಪಾಲ್ಟಿಗಳಿಗೂ ಲೋಕಲ್ ಬೋರ್ಡುಗಳಿಗೂ ಹೊಸ ಕಾಯಿದೆ ಮಾಡಿತು. ಚುನಾವಣೆ ಬಂತು, ಆದರೆ ಎಲ್ಲರಿಗೂ ಅಲ್ಲ. ಮನೆ-ಜಮೀನು ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಓಟು. ನಳ ಯಾರ ಬೀದಿಗೆ ಮೊದಲು ಬರುತ್ತದೆ ಎಂದು ಹೇಳಲು ಇನ್ನು ಜ್ಯೋತಿಷ್ಯ ಬೇಕಿರಲಿಲ್ಲ.

ನೀರು ಯಾರಿಗೆ ಎಂಬ ಪ್ರಶ್ನೆ ಬಹಿರಂಗವಾಗಿ ಎದ್ದದ್ದು 1923ರಲ್ಲಿ. ಸರಕಾರದ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಲು ಬಿಡಬೇಕೆಂಬ ಎಸ್.ಕೆ. ಬೋಳೆಯವರ ಠರಾವು ಆ ವರ್ಷದ ಆಗಸ್ಟಿನಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಅಂಗೀಕಾರವಾಯಿತು. ಅದನ್ನು ಜಾರಿಗೆ ತರಬೇಕಾದವು ಮುನಸಿಪಾಲ್ಟಿಗಳೂ ಲೋಕಲ್ ಬೋರ್ಡುಗಳೂ. ಹೆಚ್ಚಿನವು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಂಕಣದ ಮಹಾಡ ಮುನಸಿಪಾಲ್ಟಿ 1924ರಲ್ಲಿ ತನ್ನ ಕೆರೆಯನ್ನು ಎಲ್ಲರಿಗೂ ತೆರೆದೆವೆಂದು ಠರಾವು ಮಾಡಿತು. ಕಾಗದದ ಮೇಲಿನ ಆ ಹಕ್ಕನ್ನು ನೀರಿಗಿಳಿದು ಪಡೆಯಲು 1927ರಲ್ಲಿ ಡಾ. ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಈ ಸೀಮೆಗೂ ಆ ಹೋರಾಟಕ್ಕೂ ನಂಟಿದೆ. 1925ರಲ್ಲಿ ಅಂಬೇಡ್ಕರರು ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ನಿಪ್ಪಾಣಿ ಹುಕ್ಕೇರಿಗೆ ದೂರದ ಊರೇನಲ್ಲ. ಮುನಸಿಪಾಲ್ಟಿಯ ಠರಾವಿಗೂ ಬಾವಿಯ ಹಗ್ಗಕ್ಕೂ ನಡುವೆ ಎಷ್ಟು ಅಂತರವಿರುತ್ತದೆ ಎಂದು ತಿಳಿಯಲು ಇಲ್ಲಿಯ ಜನ ಕೊಂಕಣಕ್ಕೆ ಹೋಗಬೇಕಿರಲಿಲ್ಲ.

ಗಿರಣಿಯ ಭೋಂಗಾ

ಗೋಕಾಕದ ಮುನಸಿಪಾಲ್ಟಿ ಕಂದೀಲಿನ ಬೆಳಕಿನಲ್ಲಿ ಸಭೆ ನಡೆಸುತ್ತಿದ್ದ ಕಾಲಕ್ಕೆ ಪಕ್ಕದಲ್ಲೇ ಇನ್ನೊಂದು ಲೋಕ ತಲೆಯೆತ್ತಿತು. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವ ಜಲಪಾತದ ಬಳಿ ಗಿರಣಿ ಹೂಡಲು 1885ರಲ್ಲಿ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’ ಸ್ಥಾಪನೆಯಾಯಿತು. 1887ರಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಜಲಪಾತದ ಮೇಲಿಂದ ಕೊಳವೆಗಳಲ್ಲಿ ನೀರನ್ನು ಕಮರಿಗೆ ಇಳಿಸಿ ಅದರ ರಭಸದಿಂದ ಯಂತ್ರ ನಡೆಸುವ ಉಪಾಯವದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ ಎಂಬುದನ್ನು ನೆನೆದರೆ ಇದು ಎಷ್ಟು ಮುಂಚಿನ ಸಾಹಸ ಎಂದು ತಿಳಿದೀತು. ಮೇಲ್ಗಡೆ ಧೂಪದಾಳದಲ್ಲಿ 1897ರ ಹೊತ್ತಿಗೆ ಒಡ್ಡೂ ಎಡದಂಡೆ ಕಾಲುವೆಯೂ ಸಿದ್ಧವಾದವು.

ಗಿರಣಿಯ ಸುತ್ತ ಬೆಳೆದ ಊರಿನಲ್ಲಿ ಚಾಳು, ಶಾಲೆ, ಆಸ್ಪತ್ರೆ, ನೀರು, ದೀಪ ಎಲ್ಲಕ್ಕೂ ಕಂಪನಿಯೇ ದಿಕ್ಕು. ಭೋಂಗಾ ಕೂಗಿದಾಗ ಏಳುವ ಕಾರ್ಮಿಕನಿಗೆ ಮುನಸಿಪಾಲ್ಟಿಯೆಂಬುದು ಪಕ್ಕದೂರಿನ ಸಂಗತಿ. ಆಯಾ ಕಾಲದ ಪುರಸಭೆಗಳಿಗಿಂತ ಕಂಪನಿ ಈ ಕೆಲಸಗಳನ್ನು ಅಚ್ಚುಕಟ್ಟಾಗಿಯೇ ಮಾಡಿತೆನ್ನಬೇಕು. ಆದರೆ ಕಂಪನಿಯ ಮೇಲೆ ಸಿಟ್ಟು ಬಂದರೆ ಮುಂದಿನ ಚುನಾವಣೆಯಲ್ಲಿ ಅದನ್ನು ಸೋಲಿಸಲು ಬರುವುದಿಲ್ಲ. ಕಾರ್ಮಿಕನಿಗೆ ಉಳಿಯುವ ದಾರಿ ಮುಷ್ಕರವೊಂದೇ.

ಹುಕ್ಕೇರಿಯ ಕಂಬಗಳು

ಊರಿನ ಕೆಲಸವನ್ನು ಸರಕಾರವೂ ಅಲ್ಲದ, ಸಾಹುಕಾರನೂ ಅಲ್ಲದ ಮೂರನೆಯವರು ಮಾಡಬಹುದೆಂದು ತೋರಿಸಿದ್ದು ಸಹಕಾರ ಚಳವಳಿ. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ಧನಗೌಡ ಪಾಟೀಲರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಸಾಲ ಕೊಡಲು ಹುಟ್ಟಿದ ಈ ಪದ್ಧತಿ ಮುಂದೆ ಸಕ್ಕರೆ ಕಾರ್ಖಾನೆಗೂ ಬಂತು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ ಇದಕ್ಕೆ ಸಾಕ್ಷಿ. ಕರೆಂಟಿಗೆ ಬಂದ ಕಥೆ ಮಾತ್ರ ಇನ್ನೂ ಸ್ವಾರಸ್ಯದ್ದು.

1960ರ ದಶಕದಲ್ಲಿ ದೇಶದ ಹೆಚ್ಚಿನ ಹಳ್ಳಿಗಳು ಕತ್ತಲಲ್ಲಿದ್ದವು. ಬರಗಾಲ, ಆಹಾರದ ಕೊರತೆಗಳ ಕಾಲವದು. ಬಾವಿಗೆ ಪಂಪು ಕೂಡಿಸಲು ಕರೆಂಟು ಬೇಕು. ಹಳ್ಳಿಗೆ ತಂತಿ ಎಳೆದರೆ ಗಿಟ್ಟುವುದಿಲ್ಲವೆಂದು ವಿದ್ಯುತ್ ಮಂಡಳಿಗಳ ಹಿಂಜರಿಕೆ. ಅಮೆರಿಕದಲ್ಲಿ 1930ರ ದಶಕದಿಂದ ರೈತರೇ ಸಂಘ ಕಟ್ಟಿಕೊಂಡು ಹೊಲಮನೆಗಳಿಗೆ ವಿದ್ಯುತ್ ತಂದದ್ದನ್ನು ಮಾದರಿಯಾಗಿಟ್ಟುಕೊಂಡು, ಆ ದೇಶದ ನೆರವಿನಿಂದ ಭಾರತದಲ್ಲೂ ಐದು ಕಡೆ ಪ್ರಯೋಗ ಮಾಡುವುದೆಂದಾಯಿತು. ಸಾಲ ಕೊಡಲು 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾಯಿತು. ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಮತ್ತು ಆಗಿನ ಮೈಸೂರು ರಾಜ್ಯದ ಹುಕ್ಕೇರಿ ಆ ಐದು ಸ್ಥಳಗಳು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿದ್ದು ಹೀಗೆ.

ಸಂಘ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಮೊದಲು ಮಂಡಳಿಯಿಂದ, ಈಗ ಕಂಪನಿಯಿಂದ ಸಗಟಾಗಿ ಕೊಂಡು ಮನೆಮನೆಗೆ, ಹೊಲದ ಪಂಪಿಗೆ ಹಂಚುತ್ತದೆ. ಕೊಂಡದ್ದಕ್ಕೂ ಮಾರಿದ್ದಕ್ಕೂ ನಡುವೆ ತಂತಿಯಲ್ಲಿ ಸೋರಿಹೋದದ್ದು, ಕದ್ದದ್ದು, ಬಾಕಿ ಉಳಿದದ್ದು ಎಲ್ಲ ಸಂಘದ ಹೆಗಲಿಗೇ. ನೆರೆಮನೆಯವನು ತಂತಿಗೆ ಕೊಂಡಿ ಹಾಕಿದರೆ ಆ ನಷ್ಟದಲ್ಲಿ ತನ್ನ ಶೇರೂ ಕರಗುತ್ತದೆ ಎಂಬ ಅರಿವು ಶೇರುದಾರನಿಗೆ ಇರಬೇಕೆಂಬುದೇ ಈ ಯೋಜನೆಯ ಜೀವಾಳ. ದರವನ್ನು ಮಾತ್ರ ಸಂಘ ತನ್ನಿಷ್ಟದಂತೆ ಇಡುವಂತಿಲ್ಲ. ಉಳಿದ ಕಂಪನಿಗಳಂತೆ ಅದೂ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಹೋಗಿ ನಿಲ್ಲಬೇಕು.

ಮುಂದೆ ದೇಶದಲ್ಲಿ ಇಂಥ ನಲವತ್ತರಷ್ಟು ಸಂಘಗಳು ಹುಟ್ಟಿದವು. ಹೆಚ್ಚಿನವು ಸಾಲದಲ್ಲಿ ಮುಳುಗಿದವು, ಇಲ್ಲವೆ ಮಂಡಳಿಗಳ ಹೊಟ್ಟೆ ಸೇರಿದವು. ಮೊದಲ ಐದರಲ್ಲೇ ಒಂದಾದ ಮುಳಾ-ಪ್ರವರಾ 2011ರಲ್ಲಿ ಪರವಾನಗಿ ಕಳೆದುಕೊಂಡಿತು. ಸಿರಿಸಿಲ್ಲ ಉಳಿಯಿತು, ಹುಕ್ಕೇರಿ ಉಳಿಯಿತು. ಕರ್ನಾಟಕದಲ್ಲಿ ಮನೆಗೆ ವಿದ್ಯುತ್ ಹಂಚುವ ಸಹಕಾರ ಸಂಘ ಇದೊಂದೇ. ಹುಕ್ಕೇರಿಯ ಜನ ಬೇರೆಯವರಿಗಿಂತ ಹೆಚ್ಚು ಪ್ರಾಮಾಣಿಕರು ಎಂದು ಇದರಿಂದ ಹೇಳಲು ಬಾರದು. ಸಬ್ಸಿಡಿ, ಬಾಕಿಗಳ ಜಗ್ಗಾಟ ಇಲ್ಲಿಯೂ ಉಂಟು, ರಾಜಕೀಯವಂತೂ ತುಂಬಿ ತುಳುಕುತ್ತದೆ. ಆದರೆ ಸಂಘದ ಚುನಾವಣೆ ಗೆಲ್ಲದೆ ತಾಲೂಕಿನಲ್ಲಿ ದೊಡ್ಡವನಾಗುವುದು ಕಷ್ಟ ಎಂಬ ಪರಿಸ್ಥಿತಿಯೇ ಸಂಘವನ್ನು ಕಾಪಾಡಿರಬಹುದು. ಗೆಲ್ಲಲು ಇಷ್ಟೊಂದು ಜನ ಹಂಬಲಿಸುವ ಸಂಸ್ಥೆಯನ್ನು ಮುಚ್ಚುವುದು ಯಾವ ಸರಕಾರಕ್ಕೂ ಸುಲಭವಲ್ಲ.

ನಾಕಾ ಮುಚ್ಚಿದ ಮೇಲೆ

ಇದೇ ಕಾಲದಲ್ಲಿ ಪುರಸಭೆಗಳು ಏನಾದವು? ಏಕೀಕರಣದ ನಂತರ ಮುಂಬಯಿ, ಮೈಸೂರು, ಹೈದರಾಬಾದು ಭಾಗಗಳ ಬೇರೆ ಬೇರೆ ಕಾಯಿದೆಗಳನ್ನು ಒಂದುಗೂಡಿಸಿ 1959ರಲ್ಲಿ ಪಂಚಾಯತಿ ಮತ್ತು ಲೋಕಲ್ ಬೋರ್ಡುಗಳ ಕಾಯಿದೆ, 1964ರಲ್ಲಿ ಪುರಸಭೆಗಳ ಕಾಯಿದೆ ಬಂದವು. ಬೀದಿ ಗುಡಿಸುವುದು, ದೀಪ ಹಚ್ಚುವುದು, ಗಟಾರು ತೊಳೆಯುವುದು ಪುರಸಭೆಯ ಕಡ್ಡಾಯದ ಕೆಲಸಗಳೆಂದು ಹೊಸ ಕಾಯಿದೆ ಸಾರಿತು. ಓಟು ಎಲ್ಲರಿಗೂ ಸಿಕ್ಕಿತು. ಗೌಡಕಿ, ಕುಲಕರ್ಣಿಕೆಗಳ ವತನಗಳು 1961ರ ಕಾಯಿದೆಯಿಂದ ರದ್ದಾದವು.

ಆದರೆ ಓಟು ಬಂದಷ್ಟು ಸುಲಭವಾಗಿ ದುಡ್ಡು ಬರಲಿಲ್ಲ. ಹಳೆಯ ಮುನಸಿಪಾಲ್ಟಿಗಳ ಹೊಟ್ಟೆ ತುಂಬುತ್ತಿದ್ದುದು ಜಕಾತಿಯಿಂದ. ಊರಿನ ಬಾಯಲ್ಲಿ ನಾಕಾ. ಹತ್ತಿಯ ಗಾಡಿ ಬರಲಿ, ಬೆಲ್ಲದ ಗಾಡಿ ಬರಲಿ, ಅಲ್ಲಿ ನಿಂತು ಚೀಟಿ ಹರಿಸಿಯೇ ಒಳಗೆ ಬರಬೇಕು. ನಾಕಾದಲ್ಲಿ ಲಂಚ, ಕಿರಿಕಿರಿ, ಲಾರಿಗಳ ಸಾಲು ಎಂದು ವ್ಯಾಪಾರಿಗಳು ರೋಸಿಹೋಗಿದ್ದರು. 1979ರಲ್ಲಿ ರಾಜ್ಯ ಸರಕಾರ ಜಕಾತಿಯನ್ನೇ ತೆಗೆದುಹಾಕಿ, ಬದಲಿಗೆ ಅನುದಾನ ಕೊಡುವುದಾಗಿ ಹೇಳಿತು. ವ್ಯಾಪಾರಿಗಳು ನಿಟ್ಟುಸಿರು ಬಿಟ್ಟದ್ದು ಸರಿ. ಅಂದಿನಿಂದ ಪುರಸಭೆಗಳು ಮಾತ್ರ ತಿಂಗಳ ಖರ್ಚಿಗೆ ಬೆಂಗಳೂರಿನತ್ತ ಕೈಚಾಚಿದವು. ದೊಡ್ಡ ನೀರಿನ ಯೋಜನೆಗಳನ್ನು ಕಟ್ಟುವುದು ರಾಜ್ಯದ ನೀರು ಸರಬರಾಜು ಮಂಡಳಿ, ಮುಖ್ಯಾಧಿಕಾರಿಯನ್ನು ಕಳಿಸುವುದು ಸರಕಾರ, ಪುರಸಭೆಯ ಠರಾವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗೆ. ಸದಸ್ಯನಿಗೆ ಉಳಿದದ್ದು ಓಣಿಯ ಜನರ ಬೈಗುಳ.

ಹಳ್ಳಿಗಳ ಕಡೆ 1987ರಲ್ಲಿ ಒಂದು ಬೆಳಕು ಕಂಡಿತ್ತು. ಕೊಳವೆಬಾವಿಗಳನ್ನು ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ರೂಪಿಸಿದ 1983ರ ಕಾಯಿದೆಯಂತೆ ಆ ವರ್ಷದ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ನಾಲ್ಕನೆಯ ಒಂದು ಪಾಲು ಸ್ಥಾನ ಮಹಿಳೆಯರಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಮಂತ್ರಿಯ ದರ್ಜೆ. 1992ರಲ್ಲಿ ಅವಧಿ ಮುಗಿಯಿತು, ಚುನಾವಣೆ ಮಾತ್ರ ಬರಲಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಗೆ ಅನುಗುಣವಾಗಿ 1993ರಲ್ಲಿ ಹೊಸ ಕಾಯಿದೆ ಬಂದು, ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳು ಆಯ್ಕೆಯಾಗುವಾಗ 1995 ಆಗಿತ್ತು. ಇದು ಮೊದಲ ಸಲವೂ ಅಲ್ಲ. ಹಿಂದಿನ ತಾಲೂಕು ಬೋರ್ಡುಗಳಿಗೆ 1968ರಲ್ಲಿ ಚುನಾವಣೆ ನಡೆದ ಮೇಲೆ ಮತ್ತೆ ನಡೆದದ್ದು 1978ರಲ್ಲಿ.

ಮೂಡಲಗಿಯ ಪಟ್ಟು

ಶಿವಬೋಧರಂಗ ಮಠದ ಊರಾದ ಮೂಡಲಗಿ ಗೋಕಾಕದಿಂದ ಸುಮಾರು 20 ಕಿ.ಮೀ. ಉತ್ತರಕ್ಕಿದೆ. ಘಟಪ್ರಭೆಯ ಕಾಲುವೆ ಬಂದ ಮೇಲೆ ಈ ಭಾಗದ ಹೊಲಗಳಲ್ಲಿ ಕಬ್ಬು, ಗೋವಿನಜೋಳ ತುಂಬಿದವು, ಪೇಟೆ ಬೆಳೆಯಿತು, ಪುರಸಭೆಯೂ ಆಯಿತು. ಆದರೆ ಊರಿನವರ ಮುಖ್ಯ ಕಾಗದಪತ್ರಗಳೆಲ್ಲ ಗೋಕಾಕದ ತಾಲೂಕು ಕಚೇರಿಯಲ್ಲಿದ್ದವು.

ತಾಲೂಕು ಕಚೇರಿ ಊರಿನಲ್ಲಿದ್ದರೇನು, 20 ಕಿ.ಮೀ. ದೂರವಿದ್ದರೇನು ಎಂದು ಪೇಟೆಯವರಿಗೆ ಅನ್ನಿಸಬಹುದು. ರೈತನ ಲೆಕ್ಕ ಬೇರೆ. ವಾರಸಾ ದಾಖಲಿಸಬೇಕು, ಹೊಲದ ಮೋಜಣಿ ಮಾಡಿಸಬೇಕು, ಮಗಳ ಕಾಲೇಜಿಗೆ ಜಾತಿ-ಆದಾಯದ ಪತ್ರ ಬೇಕು, ಮುದುಕಿಯ ಪಗಾರ ನಿಂತಿದೆ. ಒಂದೊಂದಕ್ಕೂ ಒಂದು ದಿನದ ದುಡಿಮೆ, ಬಸ್ಸಿನ ಚಾರ್ಜು, ಚಹಾ. ‘ಸಾಹೇಬರು ಮೀಟಿಂಗಿಗೆ ಬೆಳಗಾವಿಗೆ ಹೋಗ್ಯಾರ, ನಾಳೆ ಬರ್ರಿ’ ಎಂದರೆ ಅದು ಎರಡು ದಿನ. ಹಿಂದೆ ಉತಾರ ಬೇಕಾದರೆ ಊರಿನ ತಲಾಟಿಯನ್ನು ಹಿಡಿದರೆ ಆಗುತ್ತಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರ ಸೇರಿದವು, ತಲಾಟಿಯ ಕೈಬರಹದ ಮರ್ಜಿ ತಪ್ಪಿತು. ಒಳ್ಳೆಯದೇ ಆಯಿತು. ಆದರೆ ಪಹಣಿ ಕೊಡುವ ಕಿಟಕಿ ಮೊದಲು ತೆರೆದದ್ದು ತಾಲೂಕು ಕಚೇರಿಯಲ್ಲಿ. ತಾಲೂಕು ದೂರವಿದ್ದ ಊರಿಗೆ ಸುಧಾರಣೆಯೂ ದೂರವೇ ನಿಂತಿತು.

ಶಿಕ್ಷಣ ಇಲಾಖೆ ಈ ಕಷ್ಟವನ್ನು ಮೊದಲೇ ಕಂಡುಕೊಂಡಿತ್ತು. ಮೂಡಲಗಿ ತಾಲೂಕಾಗುವ ಮುಂಚೆಯೇ ‘ಮೂಡಲಗಿ ಶೈಕ್ಷಣಿಕ ವಲಯ’ ಪ್ರತ್ಯೇಕವಾಗಿತ್ತು, ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹೆಸರನ್ನೂ ಮಾಡಿತ್ತು. ಶಾಲೆಗಳಿಗೆ ಹತ್ತಿರದ ಕಚೇರಿ ಸಿಕ್ಕರೆ ಏನಾಗುತ್ತದೆಂದು ಕಂಡ ಊರಿನ ಜನ ಹೊಲಕ್ಕೂ ಅದನ್ನೇ ಕೇಳಿದರು ಎಂದರೆ ತಪ್ಪಾಗದು.

2013ರ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಜಗದೀಶ ಶೆಟ್ಟರ 43 ಹೊಸ ತಾಲೂಕುಗಳನ್ನು ಘೋಷಿಸಿದಾಗ ಮೂಡಲಗಿಯ ಹೆಸರೂ ಇತ್ತು. ಪಟಾಕಿ ಹಾರಿತು, ಕಚೇರಿ ಬರಲಿಲ್ಲ. ಸರಕಾರ ಬದಲಾಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರಕಾರ ಹೊಸ ತಾಲೂಕುಗಳನ್ನು ಮಾಡಲು ಮುಂದಾದಾಗ, ಹೊರಬಿದ್ದ ಆದೇಶದಲ್ಲಿ ಮೂಡಲಗಿಯೇ ಇರಲಿಲ್ಲ. ಕೊಟ್ಟ ತುತ್ತನ್ನು ಕಸಿದಂತಾಯಿತು. ಅಂಗಡಿ-ಮುಂಗಟ್ಟು ಮುಚ್ಚಿದವು, ಧರಣಿ ಕೂತರು, ಸ್ವಾಮಿಗಳು, ವಕೀಲರು, ವ್ಯಾಪಾರಿಗಳು, ರೈತರು ಒಂದೇ ಚಪ್ಪರದಡಿ ಬಂದರು. ಕೊನೆಗೆ ಸರಕಾರ ಮಣಿದು ಅದೇ ವರ್ಷ ಮೂಡಲಗಿಯನ್ನು ಪಟ್ಟಿಗೆ ಸೇರಿಸಿತು. 

ಹುಕ್ಕೇರಿಗೆ ಈ ಭಾಗ್ಯ ಬಹು ಮೊದಲೇ ಬಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿ ಜಿಲ್ಲೆಯಲ್ಲಿದ್ದ ತಾಲೂಕುಗಳು ಏಳೇ; ಹುಕ್ಕೇರಿ ಆಗ ಚಿಕ್ಕೋಡಿಗೆ ಸೇರಿತ್ತು. ಗೋಕಾಕ ಆ ಏಳರಲ್ಲೊಂದು. ಇಂದು ಜಿಲ್ಲೆಯ ತಾಲೂಕುಗಳು 15. ಜಿಲ್ಲೆ ಮಾತ್ರ ಒಂದೇ. 13 ಸಾವಿರ ಚದರ ಕಿ.ಮೀ.ಗೂ ಮಿಗಿಲಾದ ವಿಸ್ತಾರ, 2011ರ ಜನಗಣತಿಯಂತೆ 47 ಲಕ್ಷಕ್ಕೂ ಹೆಚ್ಚು ಜನ, 18 ವಿಧಾನಸಭಾ ಕ್ಷೇತ್ರ. ಮೂಡಲಗಿಯವರು ಗೋಕಾಕದ ಮುಂದೆ ಹೇಳಿದ ಮಾತನ್ನೇ ಗೋಕಾಕದವರು ಬೆಳಗಾವಿಯ ಮುಂದೆ ಹೇಳುತ್ತ ಬಂದಿದ್ದಾರೆ. ಜಿಲ್ಲೆಗಳ ಪುನರ್ವಿಂಗಡಣೆಗೆಂದು 1980ರ ದಶಕದಲ್ಲಿ ನೇಮಕವಾದ ಹುಂಡೇಕರ, ಗದ್ದಿಗೌಡರ ಸಮಿತಿಗಳ ಹೆಸರುಗಳು ಗೋಕಾಕದ ಯಾವ ಮನವಿಪತ್ರದಲ್ಲೂ ತಪ್ಪುವುದಿಲ್ಲ. 1997ರಲ್ಲಿ ಜೆ.ಎಚ್. ಪಟೇಲರು ಏಳು ಹೊಸ ಜಿಲ್ಲೆ ಮಾಡಿದಾಗ ಚಿಕ್ಕೋಡಿಯ ಹೆಸರು ಘೋಷಣೆಯಾಗಿ, ವಿರೋಧ ಎದ್ದು, ಹಿಂದಕ್ಕೆ ಹೋಯಿತು. ಗೋಕಾಕದವರು ತಮಗೂ ಬೇಕೆಂದರು. ಗಡಿಯ ತಕರಾರು ಇರುವಾಗ ಬೆಳಗಾವಿಯನ್ನು ಒಡೆಯುವುದು ಬೇಡವೆಂದು ಕನ್ನಡ ಸಂಘಟನೆಗಳು ಅಂಜಿದವು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಈ ಅಂಜಿಕೆಗೆ ಇನ್ನಷ್ಟು ಬಲ ಬಂತು. ಉತಾರದಂಥ ಸಣ್ಣ ಕಾಗದದ ಹಣೆಬರಹ ಗಡಿ ತಕರಾರಿನಂಥ ದೊಡ್ಡ ಕಾಗದಕ್ಕೆ ಸಿಕ್ಕಿಕೊಂಡಿದೆ.

ಹೊಳೆ ಬಂದ ದಿನ

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿದವು. 1970ರ ದಶಕದಲ್ಲಿ ಕಟ್ಟಿ ಮುಗಿದ, 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯ ತುಂಬಿ ಬಾಗಿಲು ತೆರೆಯಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗು ಓಣಿಗಳಲ್ಲಿ ಮನೆಗಳೊಳಗೆ ನೀರು ನಿಂತಿತು. ಜನ ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗಕ್ಕೆ ಓಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಳೆಗೆ ಮಣ್ಣು ಸಡಿಲಿ, ಊರಿಗೆ ಆತುಕೊಂಡ ಗುಡ್ಡದ ಮೇಲಿನ ಭಾರಿ ಬಂಡೆಗಳು ಕೆಳಗಿನ ಮನೆಗಳ ಮೇಲೆ ಉರುಳುವಂತಾದವು. ಅವನ್ನು ಒಡೆಯಲು ರಾಷ್ಟ್ರೀಯ ವಿಪತ್ತು ಪಡೆಯವರು ಬರಬೇಕಾಯಿತು.

ಆ ದಿನಗಳಲ್ಲಿ ಗೋಕಾಕ ನಗರಸಭೆಗೆ ಅಧ್ಯಕ್ಷರೇ ಇರಲಿಲ್ಲ. ಚುನಾವಣೆ ಆಗಿರಲಿಲ್ಲವೆಂದಲ್ಲ. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಗಳಿಗೆ ಮತದಾನ ನಡೆದು, ಗೋಕಾಕದಲ್ಲೂ ಸದಸ್ಯರು ಗೆದ್ದು ಕೂತಿದ್ದರು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟಿನ ಮೆಟ್ಟಿಲೇರಿದ್ದರಿಂದ ಮೊದಲ ಸಭೆಯೇ ಸೇರಲಿಲ್ಲ. ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ಕೊನೆಯಲ್ಲಿ. ಪ್ರವಾಹದಲ್ಲಿ ಮನೆಗೆ ನೀರು ನುಗ್ಗಿದವನು ತನ್ನ ವಾರ್ಡಿನ ಸದಸ್ಯನ ಕಡೆ ಹೋದರೆ, ಸದಸ್ಯ ಅವನನ್ನು ಕರೆದುಕೊಂಡು ಅಧಿಕಾರಿಯ ಕಡೆ ಹೋಗಬೇಕು. ಇಬ್ಬರೂ ಅರ್ಜಿದಾರರೇ.

ಮೂಡಲಗಿಯದು ಇನ್ನೊಂದು ಬಗೆ. 2016ರ ಫೆಬ್ರುವರಿಯಲ್ಲಿ ತಾಲೂಕು, ಜಿಲ್ಲಾ ಪಂಚಾಯತಿ ಚುನಾವಣೆ ನಡೆದಾಗ ಮೂಡಲಗಿ ತಾಲೂಕೇ ಇರಲಿಲ್ಲ. ಜನ ಗೋಕಾಕ ತಾಲೂಕಿನ ಮತದಾರರಾಗಿ ಓಟು ಹಾಕಿದ್ದರು. 2021ರಲ್ಲಿ ಆ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಬೀದಿಗಿಳಿದು ಪಡೆದ ತಾಲೂಕಿಗೆ ತಹಸೀಲ್ದಾರರು ಬಂದರು. ತಾವೇ ಆರಿಸಿದ ತಾಲೂಕು ಪಂಚಾಯತಿಯನ್ನು ನೋಡಲು ಊರಿನವರು ಕಾಯುತ್ತಲೇ ಇರಬೇಕಾಯಿತು.

ಹುಕ್ಕೇರಿ ತಾಲೂಕಿನಲ್ಲೂ ಆ ವರ್ಷಗಳಲ್ಲಿ ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ಮತದಾನವಿಲ್ಲ. ಆದರೆ 2025ರ ಸೆಪ್ಟೆಂಬರಿನಲ್ಲಿ ತಾಲೂಕಿನ ಉದ್ದಗಲಕ್ಕೂ ಪ್ರಚಾರದ ಗಾಡಿಗಳು ಓಡಾಡಿದವು. ಜಿಲ್ಲೆಯ ದೊಡ್ಡ ದೊಡ್ಡ ರಾಜಕೀಯ ಮನೆತನಗಳು ಎದುರುಬದುರಾಗಿ ನಿಂತವು, ಮಂತ್ರಿಗಳೂ ಮಾಜಿ ಮಂತ್ರಿಗಳೂ ಹಳ್ಳಿಗಳಿಗೆ ಬಂದು ಕೈಮುಗಿದರು. ಹೊಲದ ಪಂಪು, ಸುಟ್ಟ ಟಿ.ಸಿ., ಜೋತುಬಿದ್ದ ತಂತಿಗಳ ಮಾತು ಭಾಷಣಗಳಿಗೆ ಬಂತು. ಮತದಾನದ ದಿನ ಜನ ಸಾಲುಗಟ್ಟಿ ನಿಂತದ್ದು ವಿದ್ಯುತ್ ಸಂಘದ ಆಡಳಿತ ಮಂಡಳಿಯನ್ನು ಆರಿಸಲು.